ಅಕ್ಕನ ಊರಿನ ಜೇಡಿಬಾವಿ

ಬಾವಿ ತೋಡುವುದೆಂದರೆ ಗುಂಡಿ ತೋಡುವುದು ಎಂದುಕೊಂಡು ಈ ಕಸುಬಿಗೆ ಬರುವವರು ಈಗಲೂ ಇದ್ದಾರೆ. ಬರಲಿ, ಬೇಡವೆನ್ನುವುದಕ್ಕೆ ನಾನು ಯಾರು? ಮೊದಲ ಸಲ ಜೇಡಿಮಣ್ಣು ಸಿಗುವತನಕ ಅವರ ಹುಮ್ಮಸ್ಸು ಹಾಗೇ ಇರಲಿ. ಗರಸು ನೆಲದಲ್ಲಿ ಅಗೆದ ಗೋಡೆ ನೆಟ್ಟಗೆ ನಿಲ್ಲುತ್ತದೆ. ತೋಳಲ್ಲಿ ಕಸುವಿರುವ ಯಾರು ಬೇಕಾದರೂ ಅಲ್ಲಿ ಬಾವಿ ತೋಡಬಹುದು. ಜೇಡಿ ಹಾಗಲ್ಲ. ಸಂಜೆ ಬಿಟ್ಟುಹೋದ ಗುಂಡಿ ಬೆಳಗ್ಗೆ ಬರುವಷ್ಟರಲ್ಲಿ ಒಂದು ಗೇಣು ಕಿರಿದಾಗಿರುತ್ತದೆ. ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಒಳಕ್ಕೆ ನೂಕುತ್ತದೆ. ಅದನ್ನು ದಾಟಿದರೆ ಕೆಳಗೆ ಪದರಗಲ್ಲು, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ, ಅದೂ ಓರೆಯಾಗಿ. ನೀರಿರುವುದು ಆ ಪದರಗಳ ಸಂದಿನಲ್ಲಿ.

ನಾನು ಬಡಗಿ ಆಚಾರರ ಮನೆಯವನು, ಅತ್ತಿಕುಪ್ಪೆಯ ಕಡೆಯವನು. ಬಡಗಿಗೆ ಬಾವಿಯಲ್ಲಿ ಏನು ಕೆಲಸ ಎಂದು ಶ್ರೀರಂಗಪಟ್ಟಣದ ದೊಡ್ಡವರು ಕೂಡ ಕೇಳಿದ್ದಾರೆ. ಜೇಡಿಯಲ್ಲಿ ಮೊದಲು ಅಗೆದು ಆಮೇಲೆ ಗೋಡೆ ಕಟ್ಟುವುದಕ್ಕೆ ಆಗುವುದಿಲ್ಲ. ಗೋಡೆಯನ್ನು ಮೇಲೆಯೇ ಕಟ್ಟಿ ಕೆಳಕ್ಕೆ ಇಳಿಸಬೇಕು. ಅದಕ್ಕೆ ಅಡಿಯಲ್ಲಿ ಮರದ ಬಳೆ ಬೇಕು. ಅತ್ತಿಮರದ ಹಲಗೆಗಳನ್ನು ಒಂದರ ಮೇಲೊಂದು ಕೂಡಿಸಿ, ಬಾವಿಯಗಲದ ಬಳೆ ಮಾಡುತ್ತೇವೆ. ಅತ್ತಿ ನೀರಲ್ಲಿ ಕೊಳೆಯುವುದಿಲ್ಲ. ಬಳೆಯ ಮೇಲೆ ಕಲ್ಲಿನ ಗೋಡೆ ಏರುತ್ತದೆ. ಒಳಗೆ ನಿಂತವರು ಬಳೆಯ ಅಡಿಯ ಮಣ್ಣನ್ನು ಸುತ್ತಲೂ ಸಮನಾಗಿ ತೆಗೆಯುತ್ತಾ ಹೋದರೆ ಗೋಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿದಷ್ಟೂ ಮೇಲೆ ಕಟ್ಟುತ್ತಾರೆ. ಇಷ್ಟೇ ವಿದ್ಯೆ. ಒಂದೇ ಒಂದು ಕಟ್ಟುಪಾಡು: ಇಳಿಯುವುದಕ್ಕೆ ಶುರುವಾದ ಗೋಡೆಯನ್ನು ಇಡೀ ಒಂದು ದಿನ ನಿಲ್ಲಿಸಬಾರದು. ನಿಂತರೆ ಜೇಡಿ ಅದನ್ನು ಸುತ್ತಲಿಂದ ಅಪ್ಪಿಕೊಳ್ಳುತ್ತದೆ. ಆಮೇಲೆ ದೇವರೇ ಬಂದು ನೂಕಿದರೂ ಅದು ಅಲ್ಲಾಡುವುದಿಲ್ಲ. ಇದಕ್ಕೆ ನಮ್ಮವರು ಬಾವಿ ಹಿಡಿದುಕೊಂಡಿತು ಎನ್ನುತ್ತಾರೆ.

ಹಾಗೆ ಹಿಡಿದುಕೊಂಡ ಬಾವಿಗಳಲ್ಲಿ ನಾನು ಕಂಡ ಮೊದಲನೆಯದು ನಮ್ಮ ಅಪ್ಪನದೇ. ಸಂತೆಬಾಚಹಳ್ಳಿಯಿಂದ ಸ್ವಲ್ಪ ಆಚೆಗಿರುವ ಒಂದು ಊರು. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಮುನಿಸು ಬೇಗ. ಆ ಊರಿನ ಕಮ್ಮಾರ ಆಚಾರರ ಮನೆಗೆ ನಮ್ಮ ಅಕ್ಕ ಚೆನ್ನಮ್ಮನನ್ನು ಕೊಡುವುದೆಂದು ಮಾತಾಗಿತ್ತು. ಬೀಗರ ಊರು ಎಂದು ಅಪ್ಪ ಹೆಚ್ಚು ಮನಸ್ಸಿಟ್ಟೇ ಆ ಬಾವಿಗೆ ಇಳಿದಿದ್ದ. ಊರಿನ ಹೆಂಗಸರು ದೂರದ ಕಟ್ಟೆಯಿಂದ ನೀರು ಹೊರುತ್ತಿದ್ದರು; ತನ್ನ ಮಗಳು ಹೊರಬಾರದು ಎಂಬುದೂ ಅವನ ಲೆಕ್ಕದಲ್ಲಿ ಇದ್ದಿರಬೇಕು. ಮಣ್ಣು ಅಗೆಯುವುದಕ್ಕೆ ಮುದ್ದಬೋವಿ ಮತ್ತು ಅವನ ಮನೆಯವರು ಬಂದಿದ್ದರು. ಆಗ ಮುದ್ದಬೋವಿಗೆ ಮೀಸೆ ಇನ್ನೂ ಕಪ್ಪು.

ಗೋಡೆ ಮೂರಾಳು ಆಳ ಇಳಿದಿತ್ತು. ಆಗ ಅಮಾವಾಸ್ಯೆ ಬಂತು.

ನಮ್ಮ ಆಚಾರರಲ್ಲಿ ಅಮಾವಾಸ್ಯೆಯ ದಿನ ಆಯುಧ ಮುಟ್ಟುವುದಿಲ್ಲ. ಬಾಚಿ, ಉಳಿ, ಕೊಡತಿ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಮಲಗಿಸುತ್ತೇವೆ. ಅದನ್ನು ಮುರಿದವರನ್ನು ನಾನು ನೋಡಿಲ್ಲ. ಮುದ್ದಬೋವಿ ಬಂದು ಅಪ್ಪನ ಮುಂದೆ ಕೈಕಟ್ಟಿ ನಿಂತ.

“ಆಚಾರಪ್ಪಾರೆ, ಅಮಾಸೆ ನಿಮ್ಗೆ. ಜೇಡಿಗೆ ಅಮಾಸೆ ಇಲ್ವಲ್ಲ. ನಾವು ಅಗೀತೀವಿ ಬುಡಿ.”

“ಬಳೆ ನಂದು ಕಣ್ಲಾ. ನಂದು ಮಲಗಿರೋ ದಿವ್ಸ ಅದ್ರ ಅಡೀಲಿ ಯಾರ ಗುದ್ದಲೀನೂ ಆಡ್ಕೂಡ್ದು. ಒಂದ್ ದಿವ್ಸ ನಿದ್ದೆ ಮಾಡಿದ್ರೆ ಭೂಮಿ ಏನ್ ಓಡೋಯ್ತದಾ?”

ಭೂಮಿ ಓಡಿಹೋಗಲಿಲ್ಲ, ಅಪ್ಪಿಕೊಂಡಿತು. ಮಾರನೆಯ ದಿನ ಅಡಿಯಲ್ಲಿ ಎಷ್ಟು ಅಗೆದರೂ ಗೋಡೆ ಅಲ್ಲೇ ನೇತುಬಿದ್ದಿತ್ತು. ಮೇಲೆ ಕಲ್ಲು ಹೇರಿದರು. ಕಡೆಗೆ ನಡುವೆ ಸೀಳು ಬಿಟ್ಟು ಕೆಳಗಿನ ಅರ್ಧ ಬಳೆಯ ಸಮೇತ ಕುಸಿದು ಓರೆಯಾಗಿ ಕೂತಿತು, ಮೇಲಿನ ಅರ್ಧ ಜೇಡಿಯ ತೆಕ್ಕೆಯಲ್ಲೇ ಉಳಿಯಿತು. ಒಳಗೆ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಬಾವಿಯನ್ನು ಬಿಟ್ಟರು. ಊರಿನವರು ಅದಕ್ಕೆ ಅಮಾಸೆ ಬಾವಿ ಎಂದು ಹೆಸರಿಟ್ಟು ಕಸ ಹಾಕತೊಡಗಿದರು.

ಮದುವೆ ಮಾತ್ರ ನಿಲ್ಲಲಿಲ್ಲ. ಅಕ್ಕನನ್ನು ಗಂಡನ ಮನೆಗೆ ಬಿಡಲು ಅಪ್ಪ ಹೋದಾಗ ಅಕ್ಕಪಕ್ಕದ ಹೆಂಗಸೊಬ್ಬಳು ಚೆಂಬು ತಂದುಕೊಟ್ಟಳು. “ಕುಡೀರಿ ಆಚಾರಪ್ಪಾರೆ, ಕಟ್ಟೆ ನೀರು. ನಿಮ್ ಬಾವೀದೇನಲ್ಲ” ಎಂದಳು. ಆಕೆ ಬೇಕೆಂದೇ ಅಂದಳೋ, ಬಾಯಿಗೆ ಬಂದದ್ದನ್ನು ಅಂದಳೋ ಗೊತ್ತಿಲ್ಲ. ಅಪ್ಪ ಚೆಂಬನ್ನು ಹಾಗೆಯೇ ಕೆಳಗಿಟ್ಟ. “ಈ ಊರಲ್ಲಿ ಬಾವಿ ನೀರು ಕಾಣೋಗಂಟ ನಾನಿಲ್ಲಿ ನೀರು ಮುಟ್ಟಲ್ಲ” ಎಂದು ಎದ್ದುಬಂದ.

ನೀರು ಮುಟ್ಟದವನು ಊಟಕ್ಕೆ ಕೂರುವುದು ಹೇಗೆ? ಊಟಕ್ಕೆ ಕೂರದವನು ಮಗಳ ಮನೆಗೆ ಹೋಗಿ ಮಾಡುವುದೇನು? ಅಪ್ಪ ಹೋಗುವುದನ್ನೇ ಬಿಟ್ಟ. ಸಂತೆಬಾಚಹಳ್ಳಿಯ ಸಂತೆಗೆ ಹೋಗುತ್ತಿದ್ದ; ಅಕ್ಕನೂ ಅಲ್ಲಿಗೇ ಬರುತ್ತಿದ್ದಳು. ಹುಣಸೆಮರದ ಕೆಳಗೆ ಕೂತು ಅಪ್ಪ ಮಗಳು ಮಾತಾಡಿ, ಅವರವರ ದಾರಿ ಹಿಡಿಯುತ್ತಿದ್ದರು. ಅಕ್ಕನಿಗೆ ಮಕ್ಕಳಾದವು. ಅವು ತಾತ ಎಂದರೆ ಸಂತೆಯಲ್ಲಿ ಸಿಗುವವನು ಎಂದೇ ತಿಳಿದಿದ್ದವು. ಅಕ್ಕ ಇದನ್ನು ನಗುತ್ತಲೇ ಹೇಳುತ್ತಿದ್ದಳು.

ಅಪ್ಪ ಬಾವಿಯ ಕೆಲಸವನ್ನು ಬಿಟ್ಟು ನೇಗಿಲು, ಗಾಡಿ ಎಂದು ಮನೆಯಲ್ಲೇ ಉಳಿದ. ನಾನು ಮುದ್ದಬೋವಿಯ ಜೊತೆ ಹೊರಟೆ.

ನಾಗಮಂಗಲದ ಕಡೆ ಕಲಿತದ್ದನ್ನು ಮೊದಲು ಹೇಳುತ್ತೇನೆ. ಅಲ್ಲಿ ಜೇಡಿ ತೆಳುವು, ಪದರಗಲ್ಲು ಬೇಗ ಸಿಗುತ್ತದೆ. ಅಲ್ಲೊಂದು ಕಡೆ ನಮ್ಮ ಮೇಲೆ ಒಬ್ಬ ಮೇಲ್ವಿಚಾರಕರಿದ್ದರು. ಒಳ್ಳೆಯವರೇ, ಆದರೆ ಅವಸರ ಜಾಸ್ತಿ. ಬಾವಿಯ ತಳದಲ್ಲಿ ಸೌದೆ ಉರಿಸಿ, ಕಾದ ಕಲ್ಲಿನ ಮೇಲೆ ನೀರು ಹೊಯ್ದು ಸೀಳಿಸಿ ಎಂದರು. ಕರಿಕಲ್ಲಿಗೆ ಅದು ಸರಿಯಾದ ಉಪಾಯವೇ, ನಾವೂ ಮಾಡಿದ್ದೇವೆ. ಪದರಗಲ್ಲಿಗೆ ಮಾಡಿದೆವು. ಟಪಟಪನೆ ಸದ್ದೇನೋ ಬಂತು. ಹೊಗೆ ಆರಲಿ ಎಂದು ಮೇಲೆ ಕೂತು ರಾಗಿರೊಟ್ಟಿ ತಿನ್ನುತ್ತಿದ್ದಾಗ ಬಾವಿಯ ಒಂದು ಪಕ್ಕದ ಪದರವೇ ಇಡಿಯಾಗಿ ಜಾರಿ ಒಳಗೆ ಬಂದು ಕೂತಿತು. ಮೇಲ್ವಿಚಾರಕರು ಬಗ್ಗಿ ನೋಡಿ, “ಕಲ್ಲು ತೆಗೆಯಿರಿ ಅಂದೆ. ಹಾಕಿ ಅಂದೆನಾ?” ಎಂದರು. ನಾವೂ ನಕ್ಕೆವು, ಅವರೂ ನಕ್ಕರು. ಆ ಕಲ್ಲನ್ನು ಮೇಲಕ್ಕೆ ಎಳೆಯುವಾಗ ಯಾರೂ ನಗಲಿಲ್ಲ.

ಪದರ ಯಾವ ಕಡೆಗೆ ಓರೆಯಾಗಿದೆ ಎಂದು ತಿಳಿಯುವುದನ್ನು ಮುದ್ದಬೋವಿ ನನಗೆ ಅಲ್ಲೇ ಹೇಳಿಕೊಟ್ಟ. ಕಲ್ಲನ್ನು ಒರೆಸಿ ಒಂದು ಬೊಗಸೆ ನೀರು ಚೆಲ್ಲುವುದು. ಹರಿದ ಕಡೆ ಇಳಿಜಾರು. ಎದುರುಗಡೆ ಕಲ್ಲು ಎತ್ತರ. ನಮ್ಮ ಮರದ ಬಳೆ ಮೊದಲು ಬಂದು ತಾಕುವುದು ಆ ಎತ್ತರದ ಪಕ್ಕಕ್ಕೇ. ಅಲ್ಲಿ ಮುಂಚಿತವಾಗಿ ಕಲ್ಲು ಕಡಿದು ಜಾಗ ಮಾಡಿಡದಿದ್ದರೆ ಬಳೆ ಒಂದು ಕಡೆ ಕೂತು ಇನ್ನೊಂದು ಕಡೆ ಇಳಿಯುತ್ತದೆ, ಗೋಡೆ ವಾಲುತ್ತದೆ. ಇದನ್ನು ಇಂದಿನವರು ಚೆನ್ನಾಗಿ ನೆನಪಿಡಬೇಕು.

ಎರಡನೆಯದನ್ನು ಕಲಿತದ್ದು ಶ್ರೀರಂಗಪಟ್ಟಣದ ಉತ್ತರಕ್ಕಿರುವ ಹಿರೋಡೆಯಲ್ಲಿ. ಆಗ ಸುಲ್ತಾನರ ಆಳ್ವಿಕೆ. ಫಿರಂಗಿ ಎಳೆಯುವ ಎತ್ತುಗಳ ಮಂದೆಗೆ ಅಲ್ಲಲ್ಲಿ ನೀರು ಬೇಕಿತ್ತು. ಎತ್ತುಗಳ ಮೇಲಿನ ದರೋಗಾ ಸಾಹೇಬರದು ಭಾರೀ ಶರೀರ. ಅವರನ್ನು ಹೊತ್ತ ಕುದುರೆಯನ್ನು ಕಂಡರೆ ನಮಗೆ ಅಯ್ಯೋ ಅನಿಸುತ್ತಿತ್ತು. ಎತ್ತುಗಳ ಜೊತೆ ಅವರು ಮಾತಾಡುವ ಮರ್ಯಾದೆಯಲ್ಲಿ ಕಾಲುಭಾಗ ನಮಗೆ ಸಿಕ್ಕಿದ್ದರೂ ಸಾಕಾಗಿತ್ತು.

“ಅರೇ ಮಿಸ್ತ್ರಿ, ಪಾನಿ ಯಾವಾಗ? ನಿನ್ನ ಜೇಡಿ ಕಥೆ ಕೇಳೋಕೆ ನನ್ನ ಬೈಲ್‌ಗಳಿಗೆ ಪುರುಸೊತ್ತಿಲ್ಲ” ಎನ್ನುತ್ತಿದ್ದರು; ಬೈಲ್ ಎಂದರೆ ಅವರ ಮಾತಿನಲ್ಲಿ ಎತ್ತು. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ನಮಗೆ ಊಟ ಸರಿಯಾದ ಹೊತ್ತಿಗೆ ಬರುತ್ತಿತ್ತು. ಮೇಲಿನವರಲ್ಲಿ ಇಷ್ಟಿದ್ದರೆ ಬೈಗುಳ ತಡೆದುಕೊಳ್ಳಬಹುದು.

ಹಿರೋಡೆಯಲ್ಲಿ ಸುಲ್ತಾನರ ಕಡೆಯ ಪರಂಗಿಯವರ ದಂಡೂ ಇತ್ತು. ಅದರಲ್ಲೊಬ್ಬ ಬಡಗಿ ಫಿರಂಗಿ ಗಾಡಿಯ ಚಕ್ರ ಮಾಡುತ್ತಿದ್ದ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ನನ್ನ ಬಳೆಯನ್ನು ಸುತ್ತುಹಾಕಿ ನೋಡಿದ. ನಮ್ಮಲ್ಲಿ ಬಳೆಯ ಅಂಚಿಗೂ ಗೋಡೆಯ ಹೊರಮೈಗೂ ಒಂದು ಕೂದಲಿನಷ್ಟೂ ಏರುಪೇರು ಇರಬಾರದು. ಹಾಗೆ ಹೊಂದಿಸುವುದೇ ಕೈಚಳಕ. ಅಪ್ಪನ ಬಳೆಯ ಮೇಲೆ ಕಟ್ಟಿದ ಗೋಡೆಯನ್ನು ಕಣ್ಣುಮುಚ್ಚಿ ಸವರಿದರೆ ಮರ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಪರಂಗಿ ಬಡಗಿ ಮೆಚ್ಚಿ ತಲೆದೂಗಿದ. ಆಮೇಲೆ ತಲೆ ಅಡ್ಡಡ್ಡ ಆಡಿಸಿದ. ಒಂದು ಕೋಲನ್ನು ಹಸಿ ಜೇಡಿಗೆ ಚುಚ್ಚಿ ನನ್ನ ಕೈಗೆ ಕೊಟ್ಟು, ಎಳೆ ಎಂದು ಸನ್ನೆ ಮಾಡಿದ. ಬಿಗಿದುಕೊಂಡಿತ್ತು. ಇನ್ನೊಂದು ಕೋಲಿನ ತುದಿಗೆ ದಪ್ಪಗೆ ಬಟ್ಟೆ ಸುತ್ತಿ ಚುಚ್ಚಿ, ಮೇಲೆ ಕೆಳಗೆ ಆಡಿಸಿದ. ತುದಿ ದಪ್ಪವಿದ್ದುದರಿಂದ ಕೋಲಿನ ಸುತ್ತ ಜಾಗ ಬಿಟ್ಟುಕೊಂಡಿತ್ತು, ಸಲೀಸಾಗಿ ಆಡಿತು.

ನಾನು ಅಲ್ಲೇ ಕೂತುಬಿಟ್ಟೆ. ಬಳೆ ಗೋಡೆಗಿಂತ ನಾಲ್ಕು ಬೆರಳು ಅಗಲವಾಗಿರಬೇಕು. ಅದು ಮುಂದೆ ದಾರಿ ಮಾಡಿಕೊಂಡು ಹೋಗಬೇಕು, ಗೋಡೆ ಹಿಂದೆ ಸಡಿಲವಾಗಿ ಇಳಿಯಬೇಕು. ಅಡಿಗೆ ಒಂದು ಕಬ್ಬಿಣದ ಪಟ್ಟಿ ಹೊಡೆದರೆ ಇನ್ನೂ ಒಳ್ಳೆಯದು. ನೋಡುವುದಕ್ಕೆ ಅದು ಕುರೂಪ. ಆದರೆ ನೆಲದೊಳಗೆ ಹೋಗುವ ಸಾಮಾನನ್ನು ನೋಡುವವರು ಯಾರು?

ಮನೆಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆ. ಎರಡು ದಿನ ಬಿಟ್ಟು, ನೇಗಿಲ ಈಸುಮರವನ್ನು ಕೆತ್ತುತ್ತಾ ಕೂತಿದ್ದವನು ಬಾಚಿಯನ್ನು ನಿಲ್ಲಿಸಿ ಕೇಳಿದ.

“ಅಂಗಾದ್ರೆ ಅವತ್ತು ಅಮಾಸೆ ಮಾಡಿದ್ದಲ್ವಾ ಅದು? ನನ್ನ ಕೈಯೇ ಮಾಡಿದ್ದಾ?”

“ಎರಡೂ ಸೇರ್ಕೊಂಡೇ ಮಾಡವೆ ಕಣಪ್ಪ. ಬಳೆ ಅಗ್ಲ ಇದ್ದಿದ್ರೆ ಇಷ್ಟೊಂದು ಇಡೀತಿರ್ಲಿಲ್ಲ. ಅಗ್ಲ ಇದ್ರೂನೂವೆ ಇಡೀ ದಿವ್ಸ ನಿಲ್ಸಿದ್ರೆ ಇಡೀತದೆ.”

ಅಪ್ಪ ಮತ್ತೆ ಕೆತ್ತತೊಡಗಿದ. ಅವನ ಮುಖವನ್ನು ನೋಡಲಾಗದೆ ನಾನು ಹೊರಗೆ ಬಂದೆ.

ಮೂರನೆಯ ಮಾರ್ಪಾಟು ನಮ್ಮದೇ. ನನಗೆ ಅಮಾವಾಸ್ಯೆ. ಮುದ್ದಬೋವಿಯ ಮನೆದೇವರು ಈಶ್ವರ. ಅವರು ಸೋಮವಾರ ಗುದ್ದಲಿ ಎತ್ತುವುದಿಲ್ಲ. ಅಮಾವಾಸ್ಯೆಯ ದಿನ ನಾನು ದೂರ ಕೂತು ಅವರು ಅಗೆಯುವುದಕ್ಕೆ ಒಪ್ಪಿದೆ. ಅಷ್ಟರಮಟ್ಟಿಗೆ ಅಪ್ಪನ ಮಾತನ್ನು ದಾಟಿದೆ. ಸೋಮವಾರ ನಾನು, ನನ್ನ ದಾಯಾದಿಗಳು ಒಳಗಿಳಿದು ಅಗೆಯುತ್ತಿದ್ದೆವು. ಈ ಏರ್ಪಾಟಿನಲ್ಲಿ ಎಷ್ಟೋ ಬಾವಿ ಇಳಿಸಿದೆವು, ಒಂದೂ ಹಿಡಿದುಕೊಳ್ಳಲಿಲ್ಲ. ನಾವು ಬಲು ಬುದ್ಧಿವಂತರು ಎಂದುಕೊಂಡೆವು.

ಇಂಥ ಹೊತ್ತಿನಲ್ಲಿ ದರೋಗಾ ಸಾಹೇಬರು, ಮಂದೆ ಮೇವಿಗೆ ಹೋಗುವ ದಾರಿಯಲ್ಲಿ ಸಂತೆಬಾಚಹಳ್ಳಿಯ ಆಸುಪಾಸಿಗೆ ಒಂದು ಬಾವಿ ಬೇಕು, ಎಲ್ಲಿ ಆದೀತು ಎಂದು ಕೇಳಿದರು. ನನ್ನ ಬಾಯಿಂದ ಅಕ್ಕನ ಊರಿನ ಹೆಸರು ಬಂತು. ಮುದ್ದಬೋವಿ ನನ್ನ ಮುಖ ನೋಡಿದ.

ಅಮಾಸೆ ಬಾವಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಗುರುತು ಹಾಕಿದೆವು. ಅಗಲದ ಬಳೆ ಮಾಡಿದೆ. ಕಬ್ಬಿಣದ ಪಟ್ಟಿಯನ್ನು ಅಕ್ಕನ ಗಂಡನೇ, ನಮ್ಮ ಭಾವನೇ, ಕಾಯಿಸಿ ಬಡಿದ. ಗೋಡೆಯ ಹೊರಮೈಗೆ ಗಾರೆ ಬಳಿದು ಲೋಳೆಸರ ಹಚ್ಚಿ ಉಜ್ಜಿದೆವು. ಅಮಾವಾಸ್ಯೆಗೆ ಮೊದಲೇ ಜೇಡಿಯನ್ನು ದಾಟಿಬಿಡುವುದು ಲೆಕ್ಕ. ಆದರೆ ಜೇಡಿಯೊಳಗೆ ಯಾವ ಕಾಲದ್ದೋ ಒಂದು ಮರದ ಬೊಡ್ಡೆ ಹೂತುಕೊಂಡಿತ್ತು. ಕಲ್ಲಿನಂತಾಗಿದ್ದ ಅದನ್ನು ಕಡಿದು ತೆಗೆಯುವುದರಲ್ಲಿ ದಿನಗಳು ಹೋದವು. ಆಗ ಸರ್ಕಾರದ ತಿಂಗಳಿಗೆ ಒಂದು ಹೆಸರು, ನಮ್ಮ ತಿಂಗಳಿಗೆ ಒಂದು ಹೆಸರು. ದರೋಗಾ ಹೇಳಿದ ಗಡುವನ್ನು ಎಣಿಸುವುದರಲ್ಲೇ ಇದ್ದ ನಾವು ನಮ್ಮ ತಿಥಿಯ ಕಡೆ ಗಮನ ಕೊಟ್ಟಿರಲಿಲ್ಲ. ಭಾನುವಾರ ಸಂಜೆ ಊರಿನ ಜೋಯಿಸರು ಬಾವಿಯ ಹತ್ತಿರ ಬಂದವರು, “ನಾಳೆ ಎಲ್ಲರಿಗೂ ಬಿಡುವು ಅಲ್ವಾ” ಎಂದು ಸುಮ್ಮನೆ ಮಾತಿಗೆ ಅಂದರು.

ನಾಳೆ ಅಮಾವಾಸ್ಯೆ. ನಾಳೆ ಸೋಮವಾರ.

ನಾನೂ ಮುದ್ದಬೋವಿಯೂ ಮುಖ ಮುಖ ನೋಡಿಕೊಂಡೆವು. ಗೋಡೆ ಜೇಡಿಯ ನಡುವೆ ಇತ್ತು, ಅಪ್ಪನ ಗೋಡೆ ನಿಂತಷ್ಟೇ ಆಳದಲ್ಲಿ. ಪದರಗಲ್ಲಿಗೆ ಇನ್ನು ಒಂದಾಳಿಗಿಂತ ಕಡಿಮೆ. ಊರಿನ ಒಕ್ಕಲು ಮಕ್ಕಳನ್ನು ಕರೆಯೋಣವೆಂದರೆ ಅವರೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವವರಲ್ಲ, ಗುದ್ದಲಿ ಹಿಡಿಯುವವರಲ್ಲ. ಬುತ್ತಿ ತಂದಿದ್ದ ಅಕ್ಕ ಕುಕ್ಕೆಯನ್ನು ಕೆಳಗಿಟ್ಟು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಳು.

“ಅಂದ್ರೆ ನಾಳೀಕೆ ನಿಮ್ಗೆಲ್ಲ ಬಿಡುವು. ನಾನು ಈ ಊರಿಗೆ ಬಂದ್ಮ್ಯಾಕೆ ನಂಗೊಂದಿನ ಬಿಡುವು ಸಿಕ್ಕೈತಾ? ಅಮಾಸೆ ದಿವ್ಸ ಒಲೆ ಅಚ್ಚಬ್ಯಾಡ ಅಂದೋರು ಯಾರವ್ರೆ? ಸೋಮ್ವಾರ ಮುದ್ದೆ ಬ್ಯಾಡ ಅಂದೋರು ಯಾರವ್ರೆ? ಕಟ್ಟೆ ನೀರು ಸೋಮ್ವಾರ್ವೂ ಒತ್ತೀವಿ, ಅಮಾಸೇಲೂ ಒತ್ತೀವಿ. ನಮ್ಮ ಕುಡ್ಲಿಗೆ ವಾರ ಇಲ್ಲ, ತಿಥಿ ಇಲ್ಲ. ನಾವಿಳೀತೀವಿ.”

“ಅಕ್ಕ, ಅದು ಸೊಪ್ಪು ಕುಯ್ದಂಗಲ್ಲ.”

“ಸುತ್ತ ಸಮ್ನಾಗಿ ತೆಗೀಬೇಕು, ಅಷ್ಟೇ ತಾನೆ? ರೊಟ್ಟಿ ತಟ್ಟೋರಿಗೆ ಸಮ ಅಂದ್ರೇನು ಅಂತ ನೀನೇಳ್ಕೊಡ್ತೀಯೇನ್ಲಾ?”

ಮುದ್ದಬೋವಿ ಮೀಸೆಯಡಿಯಲ್ಲಿ ನಕ್ಕ. ನನಗೆ ನಗು ಬರಲಿಲ್ಲ, ಭಯವಾಗಿತ್ತು. ಗೋಡೆ ವಾಲಿದರೆ ಒಳಗಿರುವವರು ಉಳಿಯುವುದಿಲ್ಲ. ಹಾಗೆಂದು ಹೇಳಿದೆ ಕೂಡ. “ನೀವಿಳಿಯೋವಾಗ ನಿಮ್ಮ ಎಡ್ತೀರಿಗೂ ಅದೇ ಭಯ” ಎಂದು ಅಕ್ಕ ಕುಕ್ಕೆ ಎತ್ತಿಕೊಂಡು ಹೋದಳು. ಹೋಗುವಾಗಲೇ ಅಪ್ಪನಿಗೂ ಹೇಳಿಕಳಿಸಿದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಬೆಳಗ್ಗೆ ಹೆಂಗಸರು ಬಂದರು. ಸೆರಗು ಬಿಗಿದು ಕಟ್ಟಿ, ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಮಂಕರಿ. ಚೆಂಬು ಕೊಟ್ಟು ಅಪ್ಪನನ್ನು ಅಂದಿದ್ದ ಹೆಂಗಸೂ ಇದ್ದಳು. ಅರ್ಧ ಜನ ಒಳಗಿಳಿದರು, ಅರ್ಧ ಜನ ಮೇಲೆ ಹಗ್ಗ ಹಿಡಿದರು. ಕುಡುಗೋಲಿನಿಂದ ಜೇಡಿಯನ್ನು ಕೊಯ್ದು, ಕೈಯಲ್ಲೇ ಉಂಡೆ ಮಾಡಿ ಮಂಕರಿಗೆ ತುಂಬುತ್ತಿದ್ದರು. ಗುದ್ದಲಿಗೆ ಅಂಟಿ ನಮ್ಮ ಪ್ರಾಣ ತೆಗೆಯುತ್ತಿದ್ದ ಜೇಡಿ ಒದ್ದೆ ಕುಡುಗೋಲಿಗೆ ಅಷ್ಟಾಗಿ ಅಂಟುತ್ತಿರಲಿಲ್ಲ. ಇದನ್ನು ನಾನು ಆಮೇಲೆ ಎಲ್ಲ ಕಡೆ ಬಳಸಿದೆ. ಮುದ್ದಬೋವಿ ಬಾವಿಯ ಅಂಚಿನಲ್ಲಿ ನಿಂತು ಕೂಗುತ್ತಿದ್ದ: “ತೆಂಕಲಾಗೆ ಸಾಕು ಕಣವ್ವ, ಬಡಗ್ಲು ಕಡೆ ತೆಗೀರಿ.” ಕೂಗುವುದು ಕೆಲಸದಲ್ಲಿ ಸೇರುವುದಿಲ್ಲ ಎಂದು ಅವನ ವಾದ.

ಮಧ್ಯಾಹ್ನದ ಹೊತ್ತಿಗೆ ಅಡಿಯಲ್ಲಿ ಒಂದು ಗೇಣು ಖಾಲಿಯಾಗಿತ್ತು. ಗೋಡೆ ಮಾತ್ರ ಇಳಿಯಲಿಲ್ಲ. ಬೊಡ್ಡೆ ತೆಗೆಯುವಾಗ ನಿಧಾನವಾಗಿತ್ತಲ್ಲ, ಜೇಡಿ ಆಗಲೇ ಅಪ್ಪಲು ಶುರುಮಾಡಿತ್ತು. ಭಾರ ಹೇರಬೇಕಿತ್ತು. ಕಲ್ಲು ಹೊರುವವರು ಯಾರು? ಗಂಡಸರೆಲ್ಲ ಸ್ನಾನ ಮಾಡಿ, ವಿಭೂತಿ ಕುಂಕುಮ ಇಟ್ಟುಕೊಂಡು, ಸುತ್ತ ನಿಂತು ನೋಡುತ್ತಿದ್ದರು. ನಾನು ಹೆಂಗಸರನ್ನು ಮೇಲಕ್ಕೆ ಬರಲು ಕೂಗಿದೆ. ಅವರು ಹತ್ತಿ ಬಂದು ಬಳಲಿ ಕೂತರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ.

ಆಗ ಅಪ್ಪ ಬಂದ. ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಊರುಗೋಲು. ಅಮಾಸೆ ಬಾವಿಯ ಪಕ್ಕದಿಂದಲೇ ನಡೆದು ಬಂದ, ಆ ಕಡೆ ತಿರುಗಲಿಲ್ಲ. ಗೋಡೆಯ ಮೇಲೆ ಬಾಗಿ ಒಳಗೆ ನೋಡಿದ. ಗೋಡೆಯನ್ನು ಅಂಗೈಯಿಂದ ತಟ್ಟಿದ.

“ಭಾರ ಸಾಲ್ದು” ಎಂದ.

“ಗೊತ್ತು ಕಣಪ್ಪ. ಕಲ್ಲು ಒರೋರು ಯಾರು ಇವತ್ತು?”

ಅಪ್ಪ ಊರುಗೋಲನ್ನು ಕೆಳಗಿಟ್ಟು ಗೋಡೆಯ ಮೇಲೆ ಹತ್ತಿ, ಕಾಲನ್ನು ಹೊರಗೆ ಇಳಿಬಿಟ್ಟು ಕೂತುಬಿಟ್ಟ.

“ಆಯ್ದ ಮುಟ್ಬಾರ್ದು. ಕೂತ್ಕೊಬಾರ್ದು ಅಂತ ಎಲ್ಲೈತೆ? ಬನ್ರೋ, ಕೂತ್ಕೊಳ್ರೋ. ನಿಂತ್ಕೊಂಡ್ ನೋಡೋದ್ಕೆ ಇದೇನ್ ಬಯಲಾಟವಾ?”

ಮೊದಲು ಮುದ್ದಬೋವಿ ಕೂತ. ಆಮೇಲೆ ಅವನ ಮಕ್ಕಳು, ನನ್ನ ದಾಯಾದಿಗಳು, ಭಾವ, 'ತೂಕಕ್ಕೆ ನಾನೇನು ಬರ್ತೀನಿ' ಎನ್ನುತ್ತಲೇ ಜೋಯಿಸರು. ಪಟೇಲರೂ ಹತ್ತಿದರು. ಗೋಡೆಯ ಸುತ್ತ ಊರಿನ ಗಂಡಸರು ಒತ್ತೊತ್ತಾಗಿ ಕೂತರು. ಆ ಹೊತ್ತಿಗೆ ಸರಿಯಾಗಿ ದರೋಗಾ ಸಾಹೇಬರ ಕುದುರೆ ಏದುಸಿರು ಬಿಡುತ್ತಾ ಬಂದು ನಿಂತಿತು.

“ಯೇ ಕ್ಯಾ ತಮಾಷಾ ಮಿಸ್ತ್ರಿ? ಕೆಲಸ ಎಲ್ಲಿ?”

“ಇದೇ ಕೆಲಸ ಬುದ್ಧಿ. ಭಾರ ಸಾಲ್ತಾ ಇಲ್ಲ” ಎಂದೆ. ಹೇಳಿದ ಮೇಲೆ ನನ್ನ ನಾಲಿಗೆಯನ್ನು ಕಚ್ಚಿಕೊಂಡೆ.

ಅವರು ನನ್ನನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಕುದುರೆಯಿಂದ ಇಳಿದರು. “ಬೈಲ್‌ಗಳಿಗೋಸ್ಕರ” ಎಂದು ಹೇಳಿ ಅಪ್ಪನ ಪಕ್ಕದಲ್ಲಿ ಕೂತರು. ಒಳಗಿನಿಂದ ಮರ ಕಿರುಗುಟ್ಟಿದ ಸದ್ದು ಬಂತು. ಗೋಡೆ ಒಂದು ಸಲ ನಡುಗಿ, ಅಷ್ಟೂ ಜನರ ಸಮೇತ ನೆಟ್ಟಗೆ ಒಂದು ಗೇಣು ಕೆಳಕ್ಕೆ ಹೋಯಿತು. ಅವರ ಭಾರಕ್ಕೇ ಇಳಿಯಿತು ಎಂದು ನಾನು ಹೇಳುವುದಿಲ್ಲ. ಅವರು ಮಾತ್ರ ಕಡೆಯತನಕ ಹಾಗೆಯೇ ಹೇಳಿಕೊಂಡು ತಿರುಗಿದರು.

ಹೆಂಗಸರು ಮತ್ತೆ ಇಳಿದರು. ಅವರು ತೆಗೆದಷ್ಟೂ ಗಂಡಸರು ಮೇಲೆ ಕೂತೇ ಇಳಿದರು. ಹೊತ್ತು ಮುಳುಗುವ ಮೊದಲೇ ಒಳಗಿನಿಂದ ಕುಡುಗೋಲು ಕಲ್ಲಿಗೆ ತಾಕಿದ ಸದ್ದು ಕೇಳಿಸಿತು. ಮಂಗಳವಾರ ನಾವಿಳಿದು ಬೊಗಸೆ ನೀರು ಚೆಲ್ಲಿ ಓರೆ ನೋಡಿ, ಎತ್ತರದ ಪಕ್ಕ ಕಡಿದು ಬಳೆ ಕೂರಿಸಿದೆವು. ಅದಾದ ಮೇಲೆ ಎರಡು ಪದರ ಎಬ್ಬಿಸಿದಾಗ ಸಂದಿನಿಂದ ನೀರು ಬಂತು. ನೆಲ್ಲಿಮರದ ತುಂಡು ಹಾಕಿ ತಿಳಿಯಾಗಲು ಬಿಟ್ಟೆವು.

ಆಮೇಲಿನ ವರ್ಷಗಳಲ್ಲಿ ದಂಡುಗಳು ಬಂದವು, ಹೋದವು. ಶತ್ರುವಿಗೆ ನೀರು ಸಿಗಬಾರದೆಂದು ದಾರಿಯ ಬಾವಿಗಳನ್ನು ಮುಚ್ಚಿದರು. ನಾನು ತೋಡಿದವುಗಳಲ್ಲಿ ಎಷ್ಟು ಉಳಿದಿವೆಯೋ ಗೊತ್ತಿಲ್ಲ. ಈಗ ಶ್ರೀರಂಗಪಟ್ಟಣವೂ ಬಿದ್ದಿದೆ. ಅಕ್ಕನ ಊರಿನ ಬಾವಿ ಇದೆ. ಮುಚ್ಚಲು ಬಂದವರಿಗೆ ಊರಿನ ಹೆಂಗಸರು ಕಸ ತುಂಬಿದ ಅಮಾಸೆ ಬಾವಿಯನ್ನು ತೋರಿಸಿ, ಇದೊಂದೇ ಇರುವುದು ಎಂದರಂತೆ. ಅಪ್ಪನ ಬಾವಿಯಿಂದ ಆ ಊರಿಗೆ ಆದ ಉಪಕಾರ ಅದು. ಇದನ್ನು ನಾನು ಕೇಳುವ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಇದ್ದಿದ್ದರೆ ಖುಷಿಪಡುತ್ತಿದ್ದ.

ನೀರು ತಿಳಿಯಾದ ದಿನದ್ದನ್ನು ಹೇಳಿ ಮುಗಿಸುತ್ತೇನೆ. ಅಕ್ಕ ಹೊಸ ಬಾವಿಯಿಂದ ಸೇದಿದ ಕೊಡವನ್ನು ಸೊಂಟದ ಮೇಲಿಟ್ಟು ಮುಂದೆ ನಡೆದಳು. ಅಪ್ಪ ಹಿಂದೆ ನಡೆದ. ಜಗಲಿಯ ಮೇಲೆ ಆಡುತ್ತಿದ್ದ ಅಕ್ಕನ ಚಿಕ್ಕ ಮಗಳು ತಾತನನ್ನು ಕಂಡು, “ಅವ್ವಾ, ಇವತ್ತು ಸಂತೆ ನಮ್ಮನೇಲಾ?” ಎಂದು ಕೇಳಿತು.

ಅಕ್ಕ ಚೆಂಬಿನಲ್ಲಿ ನೀರು ಕೊಟ್ಟಳು. ಅಪ್ಪ ಎರಡೂ ಕೈಯಲ್ಲಿ ಹಿಡಿದು ನಿಂತೇ ಕುಡಿದ, ಇನ್ನೊಂದು ಚೆಂಬು ಕೇಳಿ ಅದನ್ನೂ ಕುಡಿದ. ಅವನ ಕಣ್ಣು ತುಂಬಿತ್ತು. ಅದನ್ನು ಮರೆಸುವುದಕ್ಕೆ ತಪ್ಪು ಹುಡುಕತೊಡಗಿದ.

“ಗಡುಸು ನೀರು ಕಣಮ್ಮ ಇದು. ಇದ್ರಾಗೆ ಅವರೆಕಾಳು ಬೇಯಾಕೆ ಬೋ ಒತ್ತು ಇಡೀತದೆ.”

ಅಕ್ಕ ಒಲೆಗೆ ಊದುತ್ತಾ ತಲೆ ಎತ್ತದೆ ಹೇಳಿದಳು.

“ಬೇಯೋಗಂಟ ಕೂತ್ಕೊ. ಕೂತ್ಕೊಳೋದು ನಿಂಗೆ ಸಂದಾಕೆ ಬತ್ತದಲ್ಲ.”

ಅಪ್ಪ ವಲ್ಲಿಯನ್ನು ಗೂಟಕ್ಕೆ ತೂಗುಹಾಕಿ ಕೂತುಕೊಂಡ.